“ಆಯಮ್ಮ ಅವಳದ್ದೇ ಭಾಷೇಲಿ ಯಾಕೆ ಬರೀಲಿಲ್ಲ?”

ಇನ್ನು ಮುಂದೆ ಯಾರಾದರೂ ಇದನ್ನು ಕೇಳಿದರೆ ನಾನು ಬಾಯಿ ತೆರೆಯುವುದಿಲ್ಲ. ಈ ಬರಹದ ಲಿಂಕ್ ಕಳಿಸಿ ಸುಮ್ಮನಾಗುತ್ತೇನೆ.

ವಿಷಯ ಇಷ್ಟೇ. ಫಿಲಿಪೀನ್ಸಿನ ಎಡಿತ್ ತಿಯೆಂಪೊ ಅನ್ನುವ ಕವಿಯ ಕೆಲವು ಪದ್ಯಗಳನ್ನು ನಾನು ಕನ್ನಡಕ್ಕೆ ತರುತ್ತಿದ್ದೇನೆ. ಹಾಗಂದ ಕೂಡಲೇ ಎದುರಿಗಿದ್ದವರು, “ಓಹೋ, ಯಾವ ಭಾಷೆಯಿಂದ?” ಅನ್ನುತ್ತಾರೆ. “ಇಂಗ್ಲಿಷಿನಿಂದ” ಅಂದರೆ ಸಾಕು, ಮುಖ ಇಳಿಯುತ್ತದೆ. ಈಗಷ್ಟೇ ಕೊಯ್ದ ತೊಂಡೆಕಾಯಿ ಅಂತ ತಂದದ್ದು ನಾಲ್ಕು ದಿನ ಫ್ರಿಜ್ಜಿನಲ್ಲಿದ್ದದ್ದು ಅಂತ ಗೊತ್ತಾದ ಹಾಗೆ. ಆಮೇಲೆ ಬರುತ್ತದೆ ಆ ಪ್ರಶ್ನೆ. ಅವಳು ತನ್ನ ಭಾಷೆಯಲ್ಲೇ ಯಾಕೆ ಬರೆಯಲಿಲ್ಲ?

ಕೇಳುವವರು ಒಳ್ಳೆಯವರೇ. ನನಗೆ ಸಿಟ್ಟು ಬರುವುದು ಆ “ತನ್ನ” ಅನ್ನುವ ಪದಕ್ಕೆ. ಯಾವುದು ಸ್ವಾಮಿ ಅವರ ಭಾಷೆ? ಅವರು ಹುಟ್ಟಿದ್ದು 1919ರಲ್ಲಿ, ಲೂಸಾನ್ ದ್ವೀಪದ ನುವೇವಾ ವಿಸ್ಕಾಯಾ ಪ್ರಾಂತ್ಯದ ಬಯೊಂಬೊಂಗ್ ಊರಿನಲ್ಲಿ. ಅಲ್ಲಿ ಗಡ್ಡಾಂಗ್ ಉಂಟು, ಇಲೊಕಾನೊ ಉಂಟು. ಬದುಕಿನ ಬಹುಪಾಲು ಕಳೆದದ್ದು ಸಮುದ್ರದ ಆಚೆ, ನೆಗ್ರೋಸ್ ದ್ವೀಪದ ಡುಮಗೆಟೆಯಲ್ಲಿ. ಅಲ್ಲಿನ ಬೀದಿಯಲ್ಲಿ ಸೆಬುವಾನೊ. ಜನ ಅದನ್ನು ಬಿಸಾಯಾ ಅನ್ನುತ್ತಾರೆ. ಇಲೊಕಾನೊ ಬಂದವರಿಗೆ ಬಿಸಾಯಾ ತಾನಾಗಿ ಅರ್ಥವಾಗುವುದಿಲ್ಲ. ಇವೆಲ್ಲದರ ಮೇಲೆ ರಾಷ್ಟ್ರಭಾಷೆ ಅಂತ ಟಗಾಲೋಗ್ ಬುಡದ ಫಿಲಿಪಿನೊ. ದೇಶದ ಒಟ್ಟು ಭಾಷೆಗಳು 170ಕ್ಕೂ ಹೆಚ್ಚು. ಇದರಲ್ಲಿ ಯಾವುದನ್ನು ಎತ್ತಿಕೊಂಡಿದ್ದರೆ ನಿಮಗೆ ಸಮಾಧಾನ ಆಗುತ್ತಿತ್ತು?

ಇನ್ನು ಇಂಗ್ಲಿಷ್. ಅದನ್ನು ಅವರು ಅಂಗಡಿಗೆ ಹೋಗಿ ಆರಿಸಿ ತಂದದ್ದಲ್ಲ. ಮುನ್ನೂರು ಚಿಲ್ಲರೆ ವರ್ಷ ಆಳಿದ ಸ್ಪೇನ್ 1898ರಲ್ಲಿ ಹೋಯಿತು, ಅಮೆರಿಕ ಬಂತು. 1901ರಲ್ಲಿ ‘ಥಾಮಸ್’ ಅನ್ನುವ ಹಡಗಿನಲ್ಲಿ ಸುಮಾರು ಐನೂರು ಅಮೆರಿಕನ್ ಮೇಷ್ಟ್ರುಗಳು ಮನಿಲಾಕ್ಕೆ ಬಂದಿಳಿದರು. ಶಾಲೆಯೆಲ್ಲ ಇಂಗ್ಲಿಷಾಯಿತು. ಅದೇ ವರ್ಷ ಡುಮಗೆಟೆಯ ಸಮುದ್ರದ ಪಕ್ಕದಲ್ಲಿ ಅಮೆರಿಕನ್ ಮಿಷನರಿಗಳು ಒಂದು ಶಾಲೆ ತೆರೆದರು. ಅದೇ ಮುಂದೆ ಸಿಲಿಮನ್ ವಿಶ್ವವಿದ್ಯಾಲಯ. ಎಡಿತ್ ಹುಟ್ಟುವಾಗ ಇದೆಲ್ಲ ಆಗಿ ಹದಿನೆಂಟು ವರ್ಷ. ಅಂದರೆ ಅವರು ಸ್ಲೇಟು ಹಿಡಿದಾಗ ಇಂಗ್ಲಿಷ್ ಆಗಲೇ ತರಗತಿಯಲ್ಲಿ ಕುಳಿತಿತ್ತು.

ಹೊಸೆ ರಿಸಾಲ್ ಅವರ ಬಗ್ಗೆ ಯಾರೂ ಹೀಗೆ ಕೇಳುವುದಿಲ್ಲ, ಗಮನಿಸಿ. ಆ ದೇಶದ ದೊಡ್ಡ ವೀರ. ಮನೆಮಾತು ಟಗಾಲೋಗ್. ದೇಶವನ್ನೇ ಎಬ್ಬಿಸಿದ ಕಾದಂಬರಿಯನ್ನು 1887ರಲ್ಲಿ ಸ್ಪ್ಯಾನಿಷಿನಲ್ಲಿ ಬರೆದರು. ಅದನ್ನು ಶಾಲೆ ಕಾಲೇಜುಗಳಲ್ಲಿ ಓದಿಸಲೇಬೇಕು ಅಂತ 1956ರಲ್ಲಿ ಕಾನೂನೇ ಬಂತು. ಓದುವವರು ಬಹಳ ಮಂದಿ ಅನುವಾದದಲ್ಲೇ ಓದುತ್ತಾರೆ. ಗಂಡಸು, ಅದೂ ಹುತಾತ್ಮ, ಆದರೆ ಭಾಷೆಯ ಲೆಕ್ಕ ಮಾಫಿ ಇರಬೇಕು.

ಈಗ ಆ ಗೃಹಪ್ರವೇಶದ ಕಥೆ ಹೇಳಿಬಿಡುತ್ತೇನೆ. ಈ ಬರಹಕ್ಕೆ ಕಾರಣ ಅದೇ.

ಪುತ್ತೂರಿನ ಹತ್ತಿರ ನಮ್ಮ ಸಂಬಂಧಿಕರ ಮನೆ ಒಕ್ಕಲು. ಬಾಳೆಲೆ ಮುಂದೆ ನನ್ನ ಪಕ್ಕದಲ್ಲಿ ಸೋದರಮಾವ. ಬ್ಯಾಂಕಿನಿಂದ ನಿವೃತ್ತಿಯಾದವರು, ಓದುವ ಅಭ್ಯಾಸ ಇರುವವರು, ಆದ್ದರಿಂದ ಜಾಸ್ತಿ ಅಪಾಯ. ಸಾರು ಬರುವಷ್ಟರಲ್ಲಿ ಶುರು ಮಾಡಿದರು. ಆಯಮ್ಮ ಯಾಕೆ ಮದರ್ ಟಂಗಿನಲ್ಲಿ ಬರೆಯಲಿಲ್ಲ, ಬೇರು ಇಲ್ಲದ ಸಾಹಿತ್ಯ ಎಷ್ಟು ದಿನ ಬಾಳುತ್ತದೆ, ನೀನು ಇಂಥದ್ದಕ್ಕೆ ಯಾಕೆ ಟೈಮ್ ಹಾಳು ಮಾಡುತ್ತೀ. ಇಷ್ಟನ್ನೂ ಅವರು ಹೇಳಿದ್ದು ತುಳುವಿನಲ್ಲಿ. ‘ಮದರ್ ಟಂಗ್’ ಅನ್ನುವುದು ಮಾತ್ರ ಇಂಗ್ಲಿಷಿನಲ್ಲಿ. ಅಷ್ಟರಲ್ಲಿ ಮೊಮ್ಮಗ ಬಂದು “ಅಜ್ಜಾ, ಐ ಡೋಂಟ್ ವಾಂಟ್ ಪಾಯಸ” ಅಂದ. ಮಾವ ಅವನಿಗೆ ಇಂಗ್ಲಿಷಿನಲ್ಲೇ ಸಮಾಧಾನ ಹೇಳಿ ಕಳಿಸಿ ಮತ್ತೆ ನನ್ನ ಕಡೆ ತಿರುಗಿದರು. “ಹೇಳು, ಯಾಕೆ ಬರೆಯಲಿಲ್ಲ?”

ನಾನು ಬೇಂದ್ರೆಯವರನ್ನು ತಂದೆ. ಮನೆಯಲ್ಲಿ ಮರಾಠಿ. ಮಾಸ್ತಿಯವರ ಮನೆಯಲ್ಲಿ ತಮಿಳು. ಕಾರ್ನಾಡರದ್ದು ಕೊಂಕಣಿ. ಯಾರಾದರೂ ಅವರನ್ನು ನಿಮ್ಮ ಭಾಷೆಯಲ್ಲಿ ಯಾಕೆ ಬರೆಯಲಿಲ್ಲ ಅಂತ ಕೇಳುತ್ತಾರಾ ಮಾವ?

ಮಾವ ಸಾರನ್ನಕ್ಕೆ ಗುಂಡಿ ಮಾಡುತ್ತಾ, “ಅವರು ಕನ್ನಡದಲ್ಲಿ ಬರೆದರಲ್ಲ” ಅಂದರು.

ಈ ಉತ್ತರ ನನಗೆ ತಟ್ಟಿತು, ಒಪ್ಪಿಕೊಳ್ಳುತ್ತೇನೆ. ಬಿ.ಎಂ.ಶ್ರೀ., ಅಡಿಗ, ಅನಂತಮೂರ್ತಿ ಎಲ್ಲರೂ ಇಂಗ್ಲಿಷ್ ಮೇಷ್ಟ್ರುಗಳೇ. ಹಗಲು ಕ್ಲಾಸಿನಲ್ಲಿ ಇಂಗ್ಲಿಷ್, ಬರೆಯಲು ಕುಳಿತರೆ ಕನ್ನಡ. ಅಂಗಡಿಯವನಿಗೂ ಅರ್ಥವಾಗುವ ಭಾಷೆ. ಎಡಿತ್ ಕ್ಲಾಸಿನಲ್ಲೂ ಇಂಗ್ಲಿಷ್, ಕಾಗದದ ಮೇಲೂ ಇಂಗ್ಲಿಷ್. ಅದರಿಂದ ಅವರಿಗೆ ದ್ವೀಪ ದ್ವೀಪಗಳಲ್ಲಿ ಓದುಗರು ಸಿಕ್ಕರು. ಡುಮಗೆಟೆ ಸಂತೆಯಲ್ಲಿ ಮೀನು ಮಾರುವ ಹೆಂಗಸು ಸಿಗಲಿಲ್ಲ. ಇದನ್ನು ಅಲ್ಲಿನವರೇ ನಮಗಿಂತ ಖಾರವಾಗಿ ಹೇಳಿದ್ದಾರೆ, ಹೇಳುತ್ತಲೂ ಇದ್ದಾರೆ. ಆದರೆ ಮಾವ ಅಷ್ಟಕ್ಕೇ ನಿಲ್ಲಿಸಿ ಪಾಯಸಕ್ಕೆ ಹೋದರು. ನಾನು ಮಾತ್ರ ಮನೆಗೆ ಬಂದು ಮೂರು ದಿನ ಮನಸ್ಸಿನಲ್ಲೇ ಜಗಳ ಆಡಿದೆ. ಮನೆಯಲ್ಲಿ ತುಳು ಆಡಿ, ಇಂಗ್ಲಿಷ್ ಪಾಠ ಮಾಡಿ, ಕನ್ನಡದಲ್ಲಿ ಬರೆಯುವವಳು ನಾನು. ನಾನು ಯಾಕೆ ತುಳುವಿನಲ್ಲಿ ಬರೆಯುವುದಿಲ್ಲ ಅಂತ ಅವರು ಪುಣ್ಯಕ್ಕೆ ಕೇಳಲಿಲ್ಲ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ. ಆಕೆ ಟೀಚರ್ ಆಗಿ ಏನು ಮಾಡಿದರು?

ಓದಿದ್ದು ಬೇಗ ಹೇಳಿ ಮುಗಿಸುತ್ತೇನೆ. 1947ರಲ್ಲಿ ಸಿಲಿಮನ್‌ನಲ್ಲಿ ಪದವಿ. ಆಗ ವಯಸ್ಸು 28. ನಡುವೆ ಜಪಾನೀಯರ ಆಕ್ರಮಣ, ಯುದ್ಧ ಎಲ್ಲ ಆಗಿಹೋಗಿತ್ತು. ಆಮೇಲೆ ಅಮೆರಿಕದ ಅಯೋವಾದಲ್ಲಿ ಬರವಣಿಗೆಯ ಓದು, 1958ರಲ್ಲಿ ಡೆನ್ವರ್‌ನಿಂದ ಪಿಎಚ್.ಡಿ. ಮುಖ್ಯವಾದದ್ದು 1962. ಆ ವರ್ಷ ಎಡಿತ್ ಮತ್ತು ಗಂಡ ಎಡಿಲ್ಬರ್ಟೊ, ಅವರೂ ಕಾದಂಬರಿಕಾರರು, ಇಬ್ಬರೂ ಸೇರಿ ಸಿಲಿಮನ್‌ನಲ್ಲಿ ಬರಹಗಾರರ ಕಮ್ಮಟ ಶುರು ಮಾಡಿದರು. ಅಯೋವಾದಲ್ಲಿ ಕಂಡದ್ದನ್ನು ತಮ್ಮ ಊರಿಗೆ ತಂದರು. ದೇಶದ ಮೂಲೆ ಮೂಲೆಯಿಂದ ಆರಿಸಿದ ಹುಡುಗ ಹುಡುಗಿಯರು, ಮೂರು ವಾರ. ಒಬ್ಬರು ಬರೆದದ್ದನ್ನು ಎಲ್ಲರೂ ಕುಳಿತು ಸಾಲು ಸಾಲಾಗಿ ಬಿಚ್ಚುವುದು. ಈ ಪದ ಇಲ್ಲಿ ಯಾಕೆ, ಇದನ್ನು ತೆಗೆದರೆ ಪದ್ಯ ಬೀಳುತ್ತದಾ ನಿಲ್ಲುತ್ತದಾ. ಕಮ್ಮಟ ಇವತ್ತಿಗೂ ನಡೆಯುತ್ತಿದೆ. ನಮ್ಮ ಕಮ್ಮಟಗಳ ಹಾಗೆ ಹಾರ, ಶಾಲು, ಅಧ್ಯಕ್ಷರ ಮಾತು, ಊಟ ಅಲ್ಲ. (ಊಟದ ಬಗ್ಗೆ ನನ್ನ ತಕರಾರಿಲ್ಲ.)

ಅಲ್ಲಿ ಅವರನ್ನು ಎಲ್ಲರೂ ‘ಮಾಮ್ ಎಡಿತ್’ ಅನ್ನುತ್ತಿದ್ದರು. ನಾವು ಹೇಳುವ ಮ್ಯಾಮ್ ಅಲ್ಲ, ಅಮ್ಮ ಅನ್ನುವ ಮಾಮ್. 1999ರಲ್ಲಿ ಸರ್ಕಾರ ಅವರನ್ನು ‘ರಾಷ್ಟ್ರೀಯ ಕಲಾವಿದೆ’ ಅಂತ ಗೌರವಿಸಿತು. ಅಲ್ಲಿ ಕಲಾವಿದರಿಗೆ ಅದಕ್ಕಿಂತ ದೊಡ್ಡದು ಇಲ್ಲ. 2011ರಲ್ಲಿ, 92ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಜನ ಮಾಮ್ ಎಡಿತ್ ಅಂತಲೇ ಅತ್ತರು.

ಮಾವನಿಗೆ ನಾನು ಆ ದಿನ ಹೇಳಬೇಕಿದ್ದದ್ದು ಇದು. ಸಿಲಿಮನ್‌ನಲ್ಲಿ ಓದಿದವರಲ್ಲಿ ಮೆರ್ಲಿ ಅಲುನಾನ್ ಅಂತ ಒಬ್ಬರಿದ್ದಾರೆ. ಇಂಗ್ಲಿಷಿನ ಜೊತೆಗೆ ಸೆಬುವಾನೊ, ವಾರಾಯ್ ಭಾಷೆಗಳಲ್ಲೂ ಪದ್ಯ ಬರೆಯುತ್ತಾರೆ. ಮಾರ್ಜೊರಿ ಎವಾಸ್ಕೊ ಇನ್ನೊಬ್ಬರು. ಬೊಹೋಲ್ ದ್ವೀಪದವರು, ಇಂಗ್ಲಿಷ್ ಮತ್ತು ಬಿಸಾಯಾ ಎರಡರಲ್ಲೂ ಬರೆಯುತ್ತಾರೆ. ಪದ್ಯದ ಒಂದು ಪದವನ್ನು ಎತ್ತಿ ತೂಗುವುದು ಕಲಿತ ಮೇಲೆ ಆ ತಕ್ಕಡಿಯನ್ನು ಯಾವ ಭಾಷೆಗೆ ಬೇಕಾದರೂ ಒಯ್ಯಬಹುದು. ಮೀನು ಮಾರುವ ಹೆಂಗಸಿನ ಭಾಷೆಗೂ. ಹೊಳೆಯುವ ಹೊತ್ತಿಗೆ ಇದು ಹೊಳೆಯಲಿಲ್ಲ. ಬಡಿಸುವವರು ಹೋಳಿಗೆಗೆ ತುಪ್ಪ ಬೇಕಾ ಅಂತ ಕೇಳುತ್ತಿದ್ದರು.

ಸರಿ, ಈಗ ನನ್ನನ್ನು ಯಾರೂ ಕೇಳದ, ಆದರೆ ಕೇಳಲಿ ಅಂತ ನಾನು ಕಾಯುತ್ತಿರುವ ಪ್ರಶ್ನೆ. ಅದು ಒಂದು ಶೂ ಬಗ್ಗೆ.

ಮಸ್ಕತ್ತಿನಲ್ಲಿ ನಾನು ಕೆಲವು ವರ್ಷ ಶಾಲೆಯೊಂದರಲ್ಲಿ ಕೆಲಸ ಮಾಡಿದೆ. ಪಕ್ಕದ ಮೇಜಿನಲ್ಲಿ ಒಬ್ಬ ಫಿಲಿಪೀನೊ ಟೀಚರ್. ಒಂದು ಮಧ್ಯಾಹ್ನ ಮಗಳ ಫೋಟೊವನ್ನು ಮಡಚಿ ಪರ್ಸಿಗೆ ತುರುಕುತ್ತಾ ಒಂದು ಪದ್ಯ ಹೇಳಿದಳು. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದಂತೆ. ಎಡಿತ್ ತಿಯೆಂಪೊ ಅವರ ‘ಬೊನ್ಸಾಯ್’. ಅಲ್ಲಿನ ಮಕ್ಕಳಿಗೆ ಅದು ನಮಗೆ ಬೇಂದ್ರೆ ಪದ್ಯ ಇದ್ದ ಹಾಗೆ. ಪ್ರೀತಿಸುವುದನ್ನೆಲ್ಲ ಮಡಚಿ, ಇನ್ನೊಮ್ಮೆ ಮಡಚಿ, ಎಲ್ಲೋ ಒಂದು ಕಡೆ ಅಡಗಿಸಿಡುವ ಹೆಂಗಸಿನ ಮಾತು. ಮಗನ ಚೀಟಿ, ಅಪ್ಪನ ಢಾಳು ಬಣ್ಣದ ಟೈ, ಒಂದು ನೀಲಿ ಇಂಡಿಯನ್ ಶಾಲು. (ನಮಗೂ ಆಯಮ್ಮನಿಗೂ ಏನು ಸಂಬಂಧ ಅಂತ ಕೇಳುವವರಿಗೆ: ಶಾಲು ಇದೆ, ತೆಗೆದುಕೊಳ್ಳಿ.) ಎಲ್ಲಿ ಅಡಗಿಸುತ್ತಾಳೆ? ಪೆಟ್ಟಿಗೆಯಲ್ಲಿ. ಟೊಳ್ಳು ಕಂಬದ ಸೀಳಿನಲ್ಲಿ. ತನ್ನ ಶೂನಲ್ಲಿ.

ಟೊಳ್ಳು ಕಂಬ ಅಂದಾಗ ನಾನು ತಡೆದು ಕೇಳಿದೆ. ಅವಳು ನಕ್ಕಳು. ಅವರಲ್ಲಿ ಬಿದಿರಿನ ಮನೆಯ ಕಂಬಕ್ಕೆ ಸೀಳು ಕೊರೆದು ಚಿಲ್ಲರೆ ಕಾಸು ಹಾಕಿಡುವ ಹಳೆಯ ರೂಢಿ ಉಂಟಂತೆ. ನನಗೆ ಅಜ್ಜಿಯ ಸಾಸಿವೆ ಡಬ್ಬಿ ನೆನಪಾಯಿತು. ಇಂಗ್ಲಿಷ್ ಪದ್ಯ ಅಂತೀರಲ್ಲ ಮಾವ, ಅದರೊಳಗೆ ಒಂದು ಬಿದಿರಿನ ಮನೆ ನಿಂತಿದೆ.

ಕಂಬ ಕನ್ನಡಕ್ಕೆ ಸಲೀಸಾಗಿ ಬಂತು. ಶೂ ಬರಲಿಲ್ಲ. ಮಗನ ಚೀಟಿಯನ್ನು ಚಪ್ಪಲಿಯಲ್ಲಿಡುವುದಾ? ಕಾಗದಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವವರು ನಾವು. ಒಂದು ಕರಡಿನಲ್ಲಿ ‘ಸೆರಗಿನ ಗಂಟು’ ಅಂತ ಮಾಡಿದೆ. ಚೆನ್ನಾಗಿ ಕೂತಿತು. ಜಾಸ್ತಿಯೇ ಚೆನ್ನಾಗಿ ಕೂತಿತು, ಅದೇ ಅನುಮಾನ ಬಂತು. ಇನ್ನೊಂದರಲ್ಲಿ ‘ಮಾಡಿನ ಸಂದಿ’. ಮತ್ತೊಂದರಲ್ಲಿ ನೇರ ಸಾಸಿವೆ ಡಬ್ಬಿ. ಮೂರನ್ನೂ ಮಸ್ಕತ್ತಿನ ಗೆಳತಿಗೆ ಫೋನಿನಲ್ಲಿ ವಿವರಿಸಿದೆ. ಅವಳಿಗೆ ಕನ್ನಡ ಬರುವುದಿಲ್ಲ. ಆದರೂ ಕೂಡಲೇ, ಶೂ ಬಿಡಬೇಡ, ಪದ್ಯದ ಕೊನೆಗೆ ಅವಳು ಓಡಬೇಕಲ್ಲ ಅಂದಳು. ಹೌದು. ಕೊನೆಯಲ್ಲಿ ಪ್ರೀತಿಯನ್ನು ಬೊಗಸೆಯಷ್ಟಕ್ಕೆ ಇಳಿಸಿ, ಏದುಸಿರು ಬಿಡುತ್ತಾ ಓಡಿ, ಒಂದು ಪುಟ್ಟ ಮಗುವಿನ ಕೈಗೆ ಕೊಡುವ ಮಾತಿದೆ. ಸಾಸಿವೆ ಡಬ್ಬಿ ಹಿಡಿದು ಓಡಲಿಕ್ಕಾಗುವುದಿಲ್ಲ.

ಹಾಗಾಗಿ ಶೂ ಅಂತಲೇ ಬಿಟ್ಟಿದ್ದೇನೆ. ಸದ್ಯಕ್ಕೆ. ಪದ್ಯ ಅಚ್ಚಾದ ದಿನ ಒಂದು ಪ್ರತಿ ಮಾವನ ಮನೆಗೆ ಹೋಗುತ್ತದೆ. ಅವರು ಕನ್ನಡಕ ಏರಿಸಿ ಓದಿ, “ಥೂ, ಮಗನ ಚೀಟಿ ಶೂ ಒಳಗಾ?” ಅಂತ ಫೋನ್ ಮಾಡುತ್ತಾರೆ. ಆ ಫೋನನ್ನು ಮಾತ್ರ ನಾನು ಎತ್ತುತ್ತೇನೆ.