ಒಂದೇ ಟಬ್ಬು ನೀರು, ಐದು ಸಲದ ಬಟ್ಟೆ: ರಿಂಗರ್ ವಾಷಿಂಗ್ ಮೆಷಿನ್

ನಾಲ್ಕು ಕಾಲಿನ ಮೇಲೆ ನಿಂತ ಟಬ್ಬು, ಪಕ್ಕದಲ್ಲೊಂದು ಕಂಬ, ಕಂಬದ ತಲೆಯಲ್ಲಿ ಒಂದರ ಮೇಲೊಂದು ಕೂತ ಎರಡು ರಬ್ಬರ್ ರೋಲರ್. ಒದ್ದೆ ಬಟ್ಟೆಯನ್ನು ನಡುವೆ ಹಾಯಿಸಿ ನೀರು ಹಿಂಡುವ ಈ ರೋಲರ್ ಜೋಡಿಗೇ ರಿಂಗರ್ ಎಂದು ಹೆಸರು. ಅಮೆರಿಕದ ಹಳೇ ಮನೆಗಳ ಫೋಟೋಗಳಲ್ಲಿ ಕಾಣುವ ಈ ರಿಂಗರ್ ವಾಷಿಂಗ್ ಮೆಷಿನ್ನಿನ ಮೇಲೆ ಅಲ್ಲಿನವರಿಗೆ ಇನ್ನೂ ಮೋಹ ಹೋಗಿಲ್ಲ. ಅದನ್ನು ಹೂಕುಂಡ ಮಾಡಿ ಅಂಗಳದಲ್ಲಿ ಇಟ್ಟುಕೊಂಡವರಿದ್ದಾರೆ, ಐಸ್ ತುಂಬಿ ಪಾರ್ಟಿಗೆ ಬಾಟಲಿ ತಣ್ಣಗಿಡುವವರಿದ್ದಾರೆ. ಅದರ ಅಂದಕ್ಕೆ ಮರುಳಾಗುವುದು ಸುಲಭ. ನನ್ನ ಮಟ್ಟಿಗೆ ಅದರಲ್ಲಿ ಮೆಚ್ಚಬೇಕಾದ್ದು ನೀರಿನ ಲೆಕ್ಕ. ಆ ಲೆಕ್ಕ ತಿಳಿಯಬೇಕಾದರೆ ಮೆಷಿನ್ ಹೇಗೆ ಒಗೆಯುತ್ತಿತ್ತು ಅನ್ನುವುದು ಮೊದಲು ಗೊತ್ತಿರಬೇಕು.

ಉದಾಹರಣೆಗೆ ಮೇಟ್ಯಾಗ್ ತೆಗೆದುಕೊಳ್ಳೋಣ. ಅಯೋವಾ ರಾಜ್ಯದ ನ್ಯೂಟನ್ ಎಂಬ ಸಣ್ಣ ಊರಿನ ಈ ಕಂಪನಿ ಶುರುವಾದದ್ದು 1893ರಲ್ಲಿ, ಕೃಷಿ ಯಂತ್ರದ ಭಾಗಗಳನ್ನು ಮಾಡಲು. ಮೊದಲ ವಾಷಿಂಗ್ ಮೆಷಿನ್ ಬಂದದ್ದು 1907ರಲ್ಲಿ. 1919ರಲ್ಲಿ ಎರಕದ ಅಲ್ಯೂಮಿನಿಯಂ ಟಬ್ಬು ಬಂತು. 1922ರಲ್ಲಿ ಬಟ್ಟೆ ಕದಡುವ ರೆಕ್ಕೆಯನ್ನು ಮುಚ್ಚಳದಿಂದ ಕಿತ್ತು ಟಬ್ಬಿನ ತಳಕ್ಕೆ ತಂದರು. ಅಲ್ಲಿಂದ ಮುಂದೆ ಬಟ್ಟೆ ನೀರಿನೊಳಗೆ ಎಳೆದಾಡಿಸಿಕೊಳ್ಳುವ ಬದಲು, ನೀರೇ ಬಟ್ಟೆಯ ಮೂಲಕ ನುಗ್ಗತೊಡಗಿತು. 1939ರಲ್ಲಿ ಬಂದ ಚೌಕಾಕಾರದ ಅಲ್ಯೂಮಿನಿಯಂ ಟಬ್ಬಿನ 'ಇ' ಮಾದರಿ ಸಣ್ಣಪುಟ್ಟ ಬದಲಾವಣೆಗಳೊಂದಿಗೆ ದಶಕಗಟ್ಟಲೆ ನಡೆಯಿತು. ಮೇಟ್ಯಾಗ್ ರಿಂಗರ್ ತಯಾರಿಕೆ ನಿಂತದ್ದು 1983ರ ನವೆಂಬರಿನಲ್ಲಿ. ಬೆಂಡಿಕ್ಸ್ ಕಂಪನಿಯ ಆಟೋಮ್ಯಾಟಿಕ್ ಮೆಷಿನ್ 1937ರಲ್ಲೇ ಮಾರುಕಟ್ಟೆಗೆ ಬಂದಿತ್ತು ಅನ್ನುವುದನ್ನು ನೆನೆದರೆ, ಈ ಹಳೇ ಯಂತ್ರ ಎಷ್ಟು ಗಟ್ಟಿಯಾಗಿ ತಳವೂರಿತ್ತು ಎಂಬುದು ಗೊತ್ತಾಗುತ್ತದೆ.

ಹಳ್ಳಿಗಳಿಗೆ ಕರೆಂಟ್ ಬಾರದ ಕಾಲದಲ್ಲಿ ಇದೇ ಮೆಷಿನ್ನಿನ ಕೆಳಗೆ ಪುಟ್ಟ ಟೂ-ಸ್ಟ್ರೋಕ್ ಪೆಟ್ರೋಲ್ ಎಂಜಿನ್ ಕೂರಿಸುತ್ತಿದ್ದರು. ಕಾಲಲ್ಲಿ ಕಿಕ್ ಹೊಡೆದು ಸ್ಟಾರ್ಟ್ ಮಾಡಬೇಕು, ಹೊಗೆಯನ್ನು ಲೋಹದ ಕೊಳವೆಯಲ್ಲಿ ಕಿಟಕಿಯಾಚೆ ಬಿಡಬೇಕು. ಕೊಳವೆ ಬಿಚ್ಚಿಕೊಂಡದ್ದು ಗೊತ್ತಾಗದೆ ಮುಚ್ಚಿದ ಕೋಣೆಯಲ್ಲಿ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಎರವು. ಗ್ರಿಡ್ ಕರೆಂಟ್ ಬೇಡವೆನ್ನುವ ಆಮಿಶ್ ಎಂಬ ಕ್ರೈಸ್ತ ಸಮುದಾಯದವರು ಪೆನ್ಸಿಲ್ವೇನಿಯಾ, ಒಹಾಯೊ ಕಡೆ ಇವತ್ತಿಗೂ ರಿಂಗರ್ ಮೆಷಿನ್ ಬಳಸುತ್ತಾರೆ. ಕೆಲವರದು ಪೆಟ್ರೋಲ್ ಎಂಜಿನ್, ಕೆಲವರದು ಒತ್ತಿದ ಗಾಳಿಯಲ್ಲಿ ತಿರುಗುವ ಮೋಟಾರ್. ಬಿಡಿಭಾಗಗಳು ಇನ್ನೂ ಸಿಗುವುದಕ್ಕೆ ಈ ಗಿರಾಕಿಗಳೂ ಒಂದು ಕಾರಣ.

ಇನ್ನು ಒಗೆಯುವ ಕ್ರಮ. ಮೆಷಿನ್ ಪಕ್ಕದಲ್ಲಿ ಜಾಲಿಸುವುದಕ್ಕೆ ಎರಡು ಟಬ್ಬು ಇರಬೇಕು. ಮೆಷಿನ್ ಟಬ್ಬಿಗೆ ಸುಮಾರು 60 ಲೀಟರ್ ಬಿಸಿನೀರು, ಬಿಳಿ ಹತ್ತಿ ಬಟ್ಟೆಗಾದರೆ 55-60 ಡಿಗ್ರಿಯಷ್ಟು. ಮೊದಲು ಸೋಪು ಹಾಕಿ, ಬಟ್ಟೆಯಿಲ್ಲದೆ ಒಂದು ನಿಮಿಷ ತಿರುಗಿಸಿ ಪೂರ್ತಿ ಕರಗಿಸಬೇಕು. ಕರಗದ ಸೋಪು ಬಟ್ಟೆಯ ಮಡಿಕೆಯಲ್ಲಿ ಕೂತು, ರೋಲರಿನಲ್ಲಿ ಒತ್ತಿಸಿಕೊಂಡು ಕಲೆಯಾಗಿ ಉಳಿಯುತ್ತದೆ. ಆಮೇಲೆ ಬಟ್ಟೆಯನ್ನು ಒಂದೊಂದಾಗಿ, ಬಿಡಿಸಿ ಹಾಕಬೇಕು. ಒಣಬಟ್ಟೆ ನಾಲ್ಕು ಕಿಲೋ ಮೀರಬಾರದು. ಮುಚ್ಚಳ ತೆಗೆದು ನೋಡಿದರೆ ಬಟ್ಟೆ ಮೇಲೆ ಬಂದು ಮತ್ತೆ ಒಳಗೆ ಮುಳುಗುತ್ತಿರಬೇಕು. ಬರೀ ಅತ್ತಿತ್ತ ತೊನೆಯುತ್ತಿದ್ದರೆ ಬಟ್ಟೆ ಜಾಸ್ತಿಯಾಗಿದೆ ಎಂದೇ ಅರ್ಥ. ಬಿಳಿ ಬಟ್ಟೆಗೆ ಎಂಟು-ಹತ್ತು ನಿಮಿಷ ಸಾಕು. ಟೈಮರ್ ಇಲ್ಲದ ಮಾದರಿಯಲ್ಲಿ ಗಡಿಯಾರ ನೋಡಿಕೊಂಡು ನಾವೇ ನಿಲ್ಲಿಸಬೇಕು. ಮರೆತರೆ ಅದು ತಿರುಗುತ್ತಲೇ ಇರುತ್ತದೆ, ಬಟ್ಟೆ ಸವೆಯುತ್ತಲೇ ಇರುತ್ತದೆ.

ನಿಲ್ಲಿಸಿದ ಮೇಲೆ ರೋಲರಿನ ತಲೆಯನ್ನು ತಿರುಗಿಸಿ, ಮೆಷಿನ್ ಮತ್ತು ಮೊದಲ ಜಾಲಿಸುವ ಟಬ್ಬಿನ ನಡುವೆ ತಂದು ಲಾಕ್ ಮಾಡುವುದು. ಬಟ್ಟೆ ಈ ಕಡೆಯಿಂದ ಹೋಗಿ ಆ ಕಡೆ ಬೀಳುತ್ತದೆ, ಹಿಂಡಿದ ಸೋಪಿನ ನೀರು ರೋಲರಿನ ಕೆಳಗಿನ ತಗಡಿನ ಮೇಲೆ ಹರಿದು ವಾಪಸ್ ಮೆಷಿನ್ ಟಬ್ಬಿಗೇ ಬರುತ್ತದೆ. ಮೊದಲ ಟಬ್ಬಿನಲ್ಲಿ ಕೈಯಲ್ಲಿ ಅದ್ದಿ ಎತ್ತಿ ಜಾಲಿಸಿ, ರೋಲರನ್ನು ಎರಡು ಟಬ್ಬುಗಳ ನಡುವೆ ಸರಿಸಿ ಮತ್ತೆ ಹಿಂಡುವುದು. ಎರಡನೇ ಟಬ್ಬಿನಲ್ಲಿ ಬಿಳಿ ಬಟ್ಟೆಗೆ ಕೆಲವು ಹನಿ ನೀಲಿ. ನಮ್ಮಲ್ಲಿ ಬಿಳಿ ಪಂಚೆಗೆ, ಶಾಲೆಯ ಅಂಗಿಗೆ ನೀಲಿ ಹಾಕುವ ಹಾಗೆಯೇ ಅಲ್ಲೂ ಇತ್ತು. ಮಿನ್ನಿಯಾಪೊಲಿಸಿನ 'ಮಿಸೆಸ್ ಸ್ಟೀವರ್ಟ್ಸ್' ನೀಲಿ 1883ರಿಂದ ಅಂಗಡಿಯಲ್ಲಿದೆ. ಕೊನೆಗೆ ಮೂರನೇ ಸಲ ಹಿಂಡಿ ಬುಟ್ಟಿಗೆ.

ನೀರಿನ ಲೆಕ್ಕ ಬರುವುದು ಇಲ್ಲಿ. ಬಿಳಿ ಬಟ್ಟೆ ಜಾಲಿಸುವ ಟಬ್ಬಿನಲ್ಲಿರುವಾಗಲೇ ಅದೇ ಸೋಪಿನ ನೀರಿಗೆ ತಿಳಿಬಣ್ಣದ ಬಟ್ಟೆ ಬಿದ್ದಿರುತ್ತದೆ. ಆಮೇಲೆ ಟವೆಲ್, ಅದಾದ ಮೇಲೆ ಗಾಢ ಬಣ್ಣದವು, ಕಟ್ಟಕಡೆಗೆ ಹೊಲದ ಕೆಲಸದ ಪ್ಯಾಂಟು ಮತ್ತು ಒರೆಸುವ ಬಟ್ಟೆ. ನಡುನಡುವೆ ಒಂದು ಕೊಡ ಬಿಸಿನೀರು, ಒಂದು ಹಿಡಿ ಸೋಪು ಸೇರಿಸಿದರಾಯಿತು. ನೀರು ಆರಿದಷ್ಟೂ ಬಣ್ಣ ಬಿಡುವ ಬಟ್ಟೆಗಳ ಸರದಿ ಬರುತ್ತದೆ, ಅವಕ್ಕೆ ಬೇಕಾದ್ದೂ ತಣ್ಣನೆ ನೀರೇ. ಮೆಷಿನ್ನಿಗೆ 60, ಜಾಲಿಸಲು ಎರಡು ಟಬ್ಬಿಗೆ ತಲಾ 60, ಒಟ್ಟು 180 ಲೀಟರ್. ನಡುವೆ ಒಮ್ಮೆ ಮೊದಲ ಜಾಲಿಸುವ ನೀರು ಚೆಲ್ಲಿ, ಎರಡನೆಯದನ್ನೇ ಮೊದಲನೆಯದಾಗಿ ಮಾಡಿಕೊಂಡು, ಹೊಸದಾಗಿ ಒಂದು ಟಬ್ಬು ತುಂಬಿದರೂ 240. ನಡುವೆ ಸೇರಿಸಿದ ಬಿಸಿನೀರು ಬಿಟ್ಟು, ಐದು ಸಲದ ಬಟ್ಟೆಗೆ ಹಂಚಿದರೆ ಸಲಕ್ಕೆ 48 ಲೀಟರ್. ಈಗಿನ ಒಳ್ಳೆಯ ಫ್ರಂಟ್ ಲೋಡ್ ಮೆಷಿನ್ ಕುಡಿಯುವುದೂ ಹೆಚ್ಚುಕಮ್ಮಿ ಅಷ್ಟೇ. ನಡುವಿನ ದಶಕಗಳ ದೊಡ್ಡ ಟಾಪ್ ಲೋಡ್ ಆಟೋಮ್ಯಾಟಿಕ್‌ಗಳು ಒಂದೇ ಸಲಕ್ಕೆ ನೂರು ಲೀಟರ್ ದಾಟುತ್ತಿದ್ದವು. ಹಳೆಯದೆಲ್ಲ ನೀರು ಪೋಲು ಮಾಡುತ್ತಿತ್ತು ಅನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಸೆಮಿ-ಆಟೋಮ್ಯಾಟಿಕ್ ಮೆಷಿನ್ ಬಳಸುವ ನಮ್ಮ ಮನೆಗಳಲ್ಲಿ ಈ ಕ್ರಮವನ್ನು ಯಾರೂ ಹೇಳಿಕೊಡಬೇಕಿಲ್ಲ. ಬಿಳಿ ಅಂಗಿ ತೆಗೆದ ನೀರಿಗೆ ಕಾಲೊರೆಸುವ ಮ್ಯಾಟ್ ಬೀಳುವುದು ಅಲ್ಲಿ ಮಾಮೂಲು. ವಂಶಾವಳಿಯೂ ಕೂಡಿ ಬರುತ್ತದೆ. 1948ರಲ್ಲಿ ವೇಲ್ಸಿನ ಮರ್ಥರ್ ಟಿಡ್ವಿಲ್ ಕಾರ್ಖಾನೆಯಲ್ಲಿ ಹೂವರ್ ಕಂಪನಿ ಪುಟ್ಟ ಮೆಷಿನ್ ಮಾಡಿತು. ಅದರಲ್ಲಿ ಕೈಯಲ್ಲಿ ತಿರುಗಿಸುವ ರೋಲರ್, ಟಬ್ಬಿನ ಪಕ್ಕದ ಗೋಡೆಯಲ್ಲಿ ತಿರುಗುವ ಚಕ್ರ. ಅದೇ ಬಗೆಯದನ್ನು ಜಪಾನಿನ ಸಾನ್ಯೊ 1953ರಲ್ಲಿ ಹೊರತಂದಿತು. ಮುಂದೆ ಜಪಾನಿನಲ್ಲಿ ಕೈ ರೋಲರ್ ಹೋಗಿ ಪಕ್ಕದಲ್ಲಿ ಗಿರ್ರನೆ ತಿರುಗುವ ಡ್ರೈಯರ್ ಡಬ್ಬಿ ಬಂತು. ನಾವು ಸೆಮಿ-ಆಟೋಮ್ಯಾಟಿಕ್ ಅನ್ನುವುದು ಆ ಜೋಡಿ ಟಬ್ಬಿನ ಮೆಷಿನ್ನನ್ನೇ.

ಹಿಂಡುವ ಕೆಲಸದಲ್ಲಿ ಜಾಣತನ ಬೇಕು. ಕಬ್ಬಿನ ಹಾಲಿನ ಗಾಣಕ್ಕೆ ಜಲ್ಲೆ ಕೊಡುವ ಹಾಗೆ ಬಟ್ಟೆಯನ್ನು ಮುದುರಿ ತುರುಕಿದರೆ ಕೆಲಸ ಕೆಡುತ್ತದೆ. ಬೆಡ್‌ಶೀಟನ್ನು ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ, ಮಡಿಸಿದ ಅಂಚನ್ನೇ ಮೊದಲು ಕೊಡಬೇಕು. ಅಂಗಿಯ ಗುಂಡಿಗಳನ್ನು ಒಳಕ್ಕೆ ಮಡಚಬೇಕು, ಹೊರಗಿದ್ದರೆ ಗುಂಡಿ ಒಡೆಯುತ್ತದೆ ಇಲ್ಲವೇ ಹಾರಿಹೋಗುತ್ತದೆ. ಜಿಪ್ ಮುಚ್ಚಿ, ಬಟ್ಟೆಯೊಳಗೆ ಸುತ್ತಿ ಕೊಡದಿದ್ದರೆ ಅದರ ಹಲ್ಲು ರಬ್ಬರನ್ನು ಸೀಳುತ್ತದೆ. ಮೇಲಿನ ತಿರುಪು ಒತ್ತಡಕ್ಕೆ: ತೆಳು ಬಟ್ಟೆಗೆ ಬಿಗಿ, ಟವೆಲ್, ಜೀನ್ಸ್‌ಗೆ ಸಡಿಲ. ಯಾವಾಗಲೂ ನಡುಮಧ್ಯಕ್ಕೇ ಕೊಟ್ಟರೆ ರೋಲರ್ ನಡುವೆ ಸವೆದು, ಅಂಚುಗಳಲ್ಲಷ್ಟೇ ಒತ್ತುತ್ತದೆ. ಆಮೇಲೆ ಕರವಸ್ತ್ರ ನೀರು ಸುರಿಸುತ್ತಲೇ ಆಚೆ ಬೀಳುತ್ತದೆ.

ಈಗ ಮೋಹಿತರು ಹೇಳದ ಮಾತು. ಈ ರೋಲರುಗಳು ಕೈ ತಿಂದಿವೆ. ಒದ್ದೆ ಬಟ್ಟೆಗೆ ಬೆರಳು ಅಂಟಿಕೊಂಡು ಒಳಗೆ ಹೋದರೆ ಯಂತ್ರಕ್ಕೆ ಅದು ಬಟ್ಟೆಯೋ ಬೆರಳೋ ಗೊತ್ತಾಗುವುದಿಲ್ಲ. ಮೊಣಕೈಯಲ್ಲೋ ಕಂಕುಳಲ್ಲೋ ಸಿಕ್ಕಿ ಮುಂದಕ್ಕೆ ಹೋಗದಿದ್ದರೂ ರೋಲರ್ ಅಲ್ಲೇ ಉಜ್ಜುತ್ತಿರುತ್ತದೆ. ಚರ್ಮ ಸುಲಿಯುವುದು, ಒಳಗಿನ ಮಾಂಸ ಜಜ್ಜಿ ಬಾಯುವುದು ಅದರಿಂದಲೇ. ಹೆಚ್ಚಾಗಿ ಸಿಕ್ಕಿಬಿದ್ದವರು ಚಿಕ್ಕ ಮಕ್ಕಳು. ಅಮೆರಿಕದ ವೈದ್ಯರು ಈ ಗಾಯಕ್ಕೆ ಪ್ರತ್ಯೇಕ ಹೆಸರನ್ನೇ ಇಟ್ಟಿದ್ದರು. ಹೀಗಾದಾಗ ಹಿಮ್ಮುಖ ತಿರುಗಿಸಬಾರದು, ಅದೇ ಗಾಯದ ಮೇಲೆ ಇನ್ನೊಂದು ಸಲ ಉಜ್ಜಿದಂತಾಗುತ್ತದೆ. ರೋಲರಿನ ತಲೆಯ ಮೇಲಿರುವ ಬಿಡುಗಡೆ ಪಟ್ಟಿಯನ್ನು ಹೊಡೆದರೆ ಮೇಲಿನ ರೋಲರ್ ಪಟ್ಟನೆ ಎದ್ದು ಒತ್ತಡ ಹೋಗುತ್ತದೆ. ಪ್ಲಗ್ ಎಳೆದರೆ ತಿರುಗುವುದು ನಿಲ್ಲುತ್ತದೆ, ಒತ್ತಡ ಹೋಗುವುದಿಲ್ಲ. ಹಾಗಾಗಿ ಹಳೇ ಮೆಷಿನ್ ಕೊಂಡವರು ಮೊದಲು ಪರೀಕ್ಷಿಸಬೇಕಾದ್ದು ಈ ಪಟ್ಟಿಯನ್ನು. ದಪ್ಪ ಟವೆಲ್ ಅರ್ಧ ಒಳಗಿದ್ದಾಗ ಅಂಗೈಯಲ್ಲಿ ತಟ್ಟಿದರೆ ಬಿಚ್ಚಿಕೊಳ್ಳಬೇಕು. ತುಕ್ಕು ಹಿಡಿದು ಬಿಗಿಯಾಗಿದ್ದರೆ ಅದು ಸರಿಯಾಗುವವರೆಗೆ ಮೆಷಿನ್ ಓಡಿಸಕೂಡದು. ಜಡೆ, ಸೆರಗು, ದುಪಟ್ಟಾ, ಬಳೆ ಇವೆಲ್ಲ ದೂರ ಇರಲಿ.

ಕೆಡುವ ಭಾಗಗಳು ಲೆಕ್ಕಕ್ಕೆ ಕಡಿಮೆ, ಆದರೆ ಕೆಡುವ ರೀತಿ ಒಂದೊಂದರದು ಒಂದೊಂದು. ರೋಲರ್ ಹಾಳಾಗುವುದು ಬಳಸಿ ಮಾತ್ರವಲ್ಲ, ಬಳಸದೆಯೂ. ಒತ್ತಡ ಬಿಗಿದೇ ಬಿಟ್ಟರೆ ಒಂದೇ ಕಡೆ ಒತ್ತಿಕೊಂಡು ಚಪ್ಪಟೆಯಾಗುತ್ತದೆ, ಮುಂದೆ ಪ್ರತಿ ಸುತ್ತಿಗೂ ದಬ್ ದಬ್ ಅನ್ನುತ್ತದೆ. ಕೆಲಸ ಮುಗಿದ ಕೂಡಲೇ ಒತ್ತಡ ಬಿಡಬೇಕು, ಸೋಪು ನೀರಲ್ಲಿ ಒರೆಸಬೇಕು. ಸೀಮೆಎಣ್ಣೆ, ಪೆಟ್ರೋಲ್ ಮುಟ್ಟಿಸಿದರೆ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಗಡುಸಾಗಿ ಬಿರುಕುಬಿಟ್ಟ ರೋಲರಿಗೆ ಹೊಸದು ಸಿಗದಿದ್ದರೆ, ಪ್ರಿಂಟಿಂಗ್ ಪ್ರೆಸ್ ರೋಲರುಗಳಿಗೆ ರಬ್ಬರ್ ಹಾಕಿಕೊಡುವವರು ಹಳೇ ಶಾಫ್ಟಿನ ಮೇಲೇ ಹಾಕಿಕೊಡಬಲ್ಲರು. ಅವರಿಗೆ ಬೇಕಾದ ಅಳತೆ ರಬ್ಬರಿನ ಉದ್ದ ಮತ್ತು ಹೊರವ್ಯಾಸ. ಸವೆದ ನಡುಭಾಗದ ವ್ಯಾಸ ಅಳೆದು ಕೊಟ್ಟರೆ ಸಣ್ಣದಾಗುತ್ತದೆ, ಅಂಚಿನಲ್ಲಿ ಅಳೆಯಿರಿ. ಎರಡರಲ್ಲಿ ಒಂದು ಮೆತ್ತಗೆ, ಒಂದು ಗಡುಸಾಗಿದ್ದರೆ ಅದನ್ನೂ ಹೇಳಬೇಕು.

ತಳದ ರೆಕ್ಕೆ ಶಾಫ್ಟಿಗೆ ಕಚ್ಚಿಕೊಳ್ಳುವುದು ಇನ್ನೊಂದು ಮಾಮೂಲಿ ಕಾಯಿಲೆ. ಎರಡು ಲೋಹದ ನಡುವೆ ಸೋಪಿನ ಗಷ್ಟು, ಅಲ್ಯೂಮಿನಿಯಂ ಪುಡಿ ಸೇರಿ ಗಾರೆಯಂತಾಗಿರುತ್ತದೆ. ಸುತ್ತಿಗೆ ಎತ್ತಿದರೆ ಎರಕ ಸೀಳುತ್ತದೆ. ರೆಕ್ಕೆಯ ಬುಡಕ್ಕೆ ಕುದಿನೀರು ಸುರಿದು, ಬಿಸಿಯಿರುವಾಗಲೇ ಕೆಳಗಿನಿಂದ ಹಗ್ಗ ಸುತ್ತಿ ಎರಡೂ ಕಡೆ ಸಮವಾಗಿ ಮೇಲಕ್ಕೆ ಎಳೆಯಬೇಕು. ಒಂದೇ ಸಲಕ್ಕೆ ಬರದಿದ್ದರೆ ತಾಳ್ಮೆಯಿಂದ ಮತ್ತೆ ಮತ್ತೆ. ಬಂದ ಮೇಲೆ ಶಾಫ್ಟ್ ಉಜ್ಜಿ ತೆಳ್ಳಗೆ ಗ್ರೀಸ್ ಹಚ್ಚಿ, ಮುಂದೆ ಒಗೆದಾದ ಮೇಲೆ ಎತ್ತಿಟ್ಟು ಒಣಗಿಸಿದರೆ ಈ ತಾಪತ್ರಯವೇ ಇಲ್ಲ. ಅಲ್ಯೂಮಿನಿಯಂ ಟಬ್ಬಿಗೆ ವಾಷಿಂಗ್ ಸೋಡಾ, ಕಾಸ್ಟಿಕ್ ಸೋಪು ಹಾಕಿ ರಾತ್ರಿಯಿಡೀ ನೆನೆಸಿಟ್ಟರೆ ಲೋಹ ಕಪ್ಪಾಗಿ ಕೊರೆದುಕೊಳ್ಳುತ್ತದೆ.

ಕೆಳಗಿನ ಗೇರ್ ಪೆಟ್ಟಿಗೆಯ ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಾಗಿದ್ದರೆ ಶಾಫ್ಟಿನ ಸೀಲ್ ಹೋಗಿ ನೀರು ಇಳಿದಿದೆ. ಬರೀ ಎಣ್ಣೆ ಬದಲಿಸಿದರೆ ತಿಂಗಳಲ್ಲಿ ಮತ್ತೆ ಅದೇ ಗತಿ, ಸೀಲ್ ಹಾಕಿಯೇ ಎಣ್ಣೆ ಹಾಕಬೇಕು. ಮೋಟಾರ್ ಗುಂಯ್ ಅಂದು ತಿರುಗದಿದ್ದರೆ ಕೂಡಲೇ ಪ್ಲಗ್ ತೆಗೆಯಿರಿ. ಬಹಳ ಸಲ ಮೋಟಾರ್ ಸ್ಟಾರ್ಟ್ ಆಗಲು ನೆರವಾಗುವ ಒಳಗಿನ ಸೆಂಟ್ರಿಫ್ಯೂಗಲ್ ಸ್ವಿಚ್ಚಿನ ಕಾಂಟ್ಯಾಕ್ಟ್ ಕೊಳೆಯಾಗಿರುತ್ತದೆ ಅಷ್ಟೇ, ಅರ್ಧ ನಿಮಿಷ ಹಾಗೇ ಬಿಟ್ಟರೆ ವೈಂಡಿಂಗ್ ಸುಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಎಷ್ಟೋ ಹಳೇ ಮೆಷಿನ್ನುಗಳಲ್ಲಿ ಅರ್ಥಿಂಗ್ ಇಲ್ಲ, ಎರಡೇ ತಂತಿ. ಲೋಹದ ಟಬ್ಬು, ಒದ್ದೆ ನೆಲ, ಪುಡಿಯಾಗುವ ರಬ್ಬರ್ ವೈರ್. ಮೂರು ತಂತಿಯ ಹೊಸ ವೈರ್ ಹಾಕಿ, ಮೈಗೆ ಅರ್ಥ್ ಕೊಟ್ಟು, ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮೂಲಕವೇ ಓಡಿಸಬೇಕು.

ಅಮೆರಿಕದಲ್ಲಿರುವ ಕನ್ನಡಿಗರು ಯಾರಾದರೂ ಹರಾಜಿನಲ್ಲಿ ಒಂದನ್ನು ಕೊಂಡು ಊರಿಗೆ ಸಾಗಿಸುವ ಆಲೋಚನೆಯಲ್ಲಿದ್ದರೆ ಟ್ರಾನ್ಸ್‌ಫಾರ್ಮರ್ ಒಂದೇ ಸಾಲದು. ಆ ಮೋಟಾರ್ 115 ವೋಲ್ಟ್, 60 ಹರ್ಟ್ಸ್‌ನದು. ನಮ್ಮ 50 ಹರ್ಟ್ಸ್‌ನಲ್ಲಿ ಅದೇ 115 ವೋಲ್ಟ್ ಕೊಟ್ಟರೆ ವೇಗ ಇಳಿಯುವುದರ ಜೊತೆಗೆ ಮೋಟಾರಿನ ಕಬ್ಬಿಣ ವಿಪರೀತ ಬಿಸಿಯಾಗುತ್ತದೆ, ಕೊಡಬೇಕಾದ್ದು 96 ವೋಲ್ಟ್ ಆಸುಪಾಸು. ಅದಕ್ಕಿಂತ ಇಲ್ಲಿನ 230 ವೋಲ್ಟಿನ, 1440 ಆರ್‌ಪಿಎಂನ ಅರ್ಧ ಎಚ್‌ಪಿ ಮೋಟಾರ್ ಕೂರಿಸುವುದು ವಾಸಿ. ಹಳೆಯದರ ವೇಗ 1725, ಆದ್ದರಿಂದ ಮೋಟಾರಿನ ಪುಲ್ಲಿಯ ವ್ಯಾಸ 1.2 ಪಟ್ಟು ದೊಡ್ಡದಿರಬೇಕು, ಎರಡು ಇಂಚಿನದಿದ್ದರೆ 2.4 ಇಂಚು. ಶಾಫ್ಟ್ ಅಳತೆ ಬೇರೆ ಇರುವುದರಿಂದ ಪುಲ್ಲಿಯನ್ನು ಲೇಥಿನಲ್ಲಿ ಕೊರೆಸಬೇಕಾಗುತ್ತದೆ. ಬಿಚ್ಚುವ ಮುಂಚೆ ಹಳೇ ಮೋಟಾರ್ ಯಾವ ದಿಕ್ಕಿಗೆ ತಿರುಗುತ್ತಿತ್ತು ಎಂದು ಮೈಮೇಲೆ ಬಾಣ ಗುರುತು ಹಾಕಿಟ್ಟುಕೊಳ್ಳಿ, ಹೊಸದೂ ಅದೇ ದಿಕ್ಕಿಗೆ ತಿರುಗಬೇಕು.