ಕಡಲಾಮೆ ದಡಕ್ಕೇ ಬಂದು ಮೊಟ್ಟೆಯಿಡುವುದು ಯಾಕೆ? ಸಂಜೀವಿನಿ ಗಿಡದ ಜೊತೆಗಿಟ್ಟು ಒಂದು ಉತ್ತರ

ಜೀವಮಾನವೆಲ್ಲ ಸಮುದ್ರದಲ್ಲಿ ಕಳೆಯುವ ಆಮೆ ಮೊಟ್ಟೆಯನ್ನೂ ನೀರಲ್ಲೇ ಇಟ್ಟರಾಗದೇ? ಹೊನ್ನಾವರ, ಕುಂದಾಪುರದ ಕಡೆ ಆಮೆಗೂಡು ನೋಡಿದವರು ತಪ್ಪದೆ ಕೇಳುವ ಪ್ರಶ್ನೆಯಿದು. ಆಗದು. ನೀರಲ್ಲಿಟ್ಟರೆ ಭ್ರೂಣ ಉಸಿರುಗಟ್ಟಿ ಸಾಯುತ್ತದೆ.

ನಮ್ಮ ಕರಾವಳಿಗೆ ಹೆಚ್ಚಾಗಿ ಬರುವುದು ಆಲಿವ್ ರಿಡ್ಲೆ. ಹಿಂಗಾಲಿನಿಂದ ಸುಮಾರು ಒಂದೂವರೆ ಅಡಿ ಆಳದ ಗುಂಡಿ ತೋಡಿ ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಮರಳಿನ ಸಂದಿಯ ಗಾಳಿ ಮೆತ್ತನೆಯ ಚಿಪ್ಪಿನ ಮೂಲಕವೇ ಒಳಗೆ ಹೋಗಬೇಕು. ತಾಯಿಯ ಹೊಟ್ಟೆಯಲ್ಲಿ ಆಮ್ಲಜನಕ ಕಡಿಮೆಯಾದ್ದರಿಂದ ಭ್ರೂಣದ ಬೆಳವಣಿಗೆ ತಡೆದು ನಿಂತಿರುತ್ತದೆ, ಹೊರಗೆ ಗಾಳಿ ಸಿಕ್ಕ ಮೇಲೆ ಮುಂದುವರಿಯುತ್ತದೆ. ಕೆಲವೇ ಗಂಟೆಗಳಲ್ಲಿ ಅದು ಚಿಪ್ಪಿನ ಮೇಲ್ಭಾಗದ ಒಳಪೊರೆಗೆ ಅಂಟಿಕೊಳ್ಳುತ್ತದೆ. ಗೂಡು ಸ್ಥಳಾಂತರಿಸುವಾಗ ಎಡವಟ್ಟಾಗುವುದು ಇಲ್ಲೇ: ತಡವಾಗಿ ಎತ್ತಿ ಮೊಟ್ಟೆ ಮಗುಚಿದರೆ ಭ್ರೂಣ ಉಳಿಯುವುದಿಲ್ಲ. ಇಟ್ಟ ಮೊದಲ ಗಂಟೆಗಳಲ್ಲೇ, ಮೇಲಿನ ಮಗ್ಗುಲು ಮೇಲೇ ಇರುವಂತೆ ಒಯ್ಯಬೇಕು. ಭರತದ ನೀರು ನುಗ್ಗುವ ಜಾಗದಲ್ಲಿ ಹೂತರೂ ವ್ಯರ್ಥ. (ಇದು ಅರಣ್ಯ ಇಲಾಖೆಯ ಕೆಲಸ. ಗೂಡು ಕಂಡವರು ಮುಟ್ಟದೆ ಅವರಿಗೆ ತಿಳಿಸಿ.) ಎಲ್ಲ ಸರಿಯಿದ್ದರೆ 45ರಿಂದ 60 ದಿನಕ್ಕೆ ಮರಿ. ಮರಳು ಬಿಸಿಯಾದಷ್ಟೂ ಹೆಣ್ಣುಮರಿ ಹೆಚ್ಚು.

ಇದರ ಪೂರಾ ಉಲ್ಟಾ, ಅಂದರೆ ಒಣ ನೆಲದಲ್ಲಿ ಬದುಕಿ ವಂಶಕ್ಕೆ ನೀರು ಬೇಡುವ ಜೀವ, ನೋಡಬೇಕೆಂದರೆ, ಸಂಜೀವಿನಿ ಎಂದು ಒಣ ಉಂಡೆಯಾಗಿ ಮಾರುವ ಸೆಲಾಜಿನೆಲ್ಲ ಇದೆ. ಬೇಸಿಗೆಯುದ್ದಕ್ಕೂ ಬಂಡೆಯ ಮೇಲೆ ಮುದುರಿ ಒಣಗಿರುತ್ತದೆ, ಮಳೆ ಬಿದ್ದರೆ ಬಿಚ್ಚಿಕೊಂಡು ಹಸಿರಾಗುತ್ತದೆ. ಬರೀ ಬಿಚ್ಚಿಕೊಂಡಿತೆಂದು ನಂಬಬೇಡಿ, ಸತ್ತ ಗಿಡವೂ ನೀರು ಹೀರಿ ಅರಳಬಲ್ಲದು. ಹಸಿರು ಮರಳಿತೇ ನೋಡಿ.

ಇಷ್ಟು ಗಟ್ಟಿ ಗಿಡಕ್ಕೂ ವಂಶ ಬೆಳೆಸಲು ನೀರೇ ಗತಿ. ಕೊಂಬೆಯ ತುದಿಯ ಪುಟ್ಟ ತೆನೆಯಲ್ಲಿ ಎರಡು ಬಗೆಯ ಬೀಜಕಚೀಲಗಳಿವೆ (ಬೀಜಕವೆಂದರೆ ಬೀಜದ ಬದಲು ಈ ಗಿಡ ಉದುರಿಸುವ ಸಣ್ಣ ಕಣ). ಒಂದರಲ್ಲಿ ಸಾಮಾನ್ಯವಾಗಿ ನಾಲ್ಕೇ ದೊಡ್ಡ ಬೀಜಕ, ಇನ್ನೊಂದರಲ್ಲಿ ನೂರಾರು ಸಣ್ಣವು, ಬರೀ ಪುಡಿ. ದೊಡ್ಡದು ಹೆಣ್ಣು, ಆಮೆಮೊಟ್ಟೆಯ ಹಾಗೆ ಆಹಾರವನ್ನು ಒಳಗೇ ತುಂಬಿಕೊಂಡಿರುತ್ತದೆ. ಸಣ್ಣದರಿಂದ ಹೊರಡುವ ಗಂಡುಕಣಕ್ಕೆ ಎರಡು ಬಾಲ. ಅದು ಈಜಿಕೊಂಡೇ ಅಂಡವನ್ನು ಸೇರಬೇಕು, ತೆಳುವಾಗಿಯಾದರೂ ನೀರಿನ ಪದರ ಬೇಕೇ ಬೇಕು. ಆಮೆಗೆ ಈ ತಾಪತ್ರಯವಿಲ್ಲ. ಸಮುದ್ರದಲ್ಲಿ ಕೂಡಿದರೂ ಗರ್ಭಧಾರಣೆ ದೇಹದೊಳಗೇ ನಡೆಯುತ್ತದೆ. ಅದರ ಪೂರ್ವಜರು ನೆಲದ ಸರೀಸೃಪಗಳು, ಮೊಟ್ಟೆ ಇಂದಿಗೂ ನೆಲದ್ದೇ.

ಹಾಗಾಗಿ ಸೆಲಾಜಿನೆಲ್ಲವನ್ನು ಕುಂಡದಲ್ಲಿ ಬೆಳೆಸುವವರು ಬೀಜಕ ನೆಚ್ಚಿ ಕೂರಬೇಡಿ. ಬೇರಿರುವ ಕೊಂಬೆಯ ತುಂಡನ್ನು ತೇವದ ಮಣ್ಣಿಗೆ ಒತ್ತಿ, ನೆರಳಲ್ಲಿಡಿ.