ಮಖಮಲ್ ರವಿಕೆ ಹೊಲಿಸುವ ಮುನ್ನ

ಚಳಿಗಾಲ ಬಂತೆಂದರೆ ಮದುವೆ, ಆರತಕ್ಷತೆಗಳಲ್ಲಿ ಉದ್ದ ತೋಳಿನ ವೆಲ್ವೆಟ್ ಬ್ಲೌಸ್‌ಗಳು ಎದ್ದು ಕಾಣುತ್ತವೆ. ಮರೂನ್, ಬಾಟಲ್ ಗ್ರೀನ್, ನೇವಿ ಬ್ಲೂ, ಕಪ್ಪು. ಬಣ್ಣ ಆಳವಾಗಿದ್ದಷ್ಟೂ ಮಖಮಲ್ಲಿಗೆ ಕಳೆ. ಆದರೆ ಇದು ಹತ್ತಿಯಂತೆ ಹೇಳಿದ ಮಾತು ಕೇಳುವ ಬಟ್ಟೆಯಲ್ಲ. ಒಮ್ಮೆ ತಪ್ಪಾಗಿ ಹೊಲಿದರೆ ಬಿಚ್ಚಿ ಸರಿ ಮಾಡುವುದು ಕಷ್ಟ, ಬಿಚ್ಚಿದ ಗೆರೆ ಹಾಗೇ ಉಳಿದುಬಿಡುತ್ತದೆ.

ನಮ್ಮ ಚಳಿಯ ಸ್ವಭಾವವನ್ನು ಮೊದಲು ಗಮನಿಸಬೇಕು. ಜನವರಿಯ ಬೆಳಗಿನ ಜಾವ ಬೆಂಗಳೂರಿನಲ್ಲಿ 15-16 ಡಿಗ್ರಿ ಇದ್ದರೆ ಮಧ್ಯಾಹ್ನದ ಹೊತ್ತಿಗೆ 27ರ ಆಸುಪಾಸು. ಬೀದರ್, ವಿಜಯಪುರದ ಕಡೆ ರಾತ್ರಿ ಇನ್ನೂ ತಣ್ಣಗೆ, ಹಗಲು ಅಷ್ಟೇ ಚುರುಕು ಬಿಸಿಲು. ಆರು ಗಂಟೆಯ ಮುಹೂರ್ತಕ್ಕೆ ಬೆಚ್ಚಗಿದ್ದ ಬ್ಲೌಸೇ ಒಂದು ಗಂಟೆಯ ಊಟದ ಪಂಕ್ತಿಯಲ್ಲಿ ಬೆವರಿಳಿಸುತ್ತದೆ. ಪಾಲಿಯೆಸ್ಟರ್ ವೆಲ್ವೆಟ್‌ಗೆ ಪಾಲಿಯೆಸ್ಟರ್ ಲೈನಿಂಗನ್ನೇ ಕೊಟ್ಟರೆ ಗಾಳಿಯಾಡಲು ದಾರಿಯೇ ಇರುವುದಿಲ್ಲ. ಮೇಲಿನ ಬಟ್ಟೆ ಯಾವುದೇ ಇರಲಿ, ಮೈಭಾಗಕ್ಕೆ ಹತ್ತಿಯ ಲೈನಿಂಗೇ ಬೇಕು. ತೋಳಿಗೆ ಮಾತ್ರ ತೆಳುವಾದ ಕ್ರೇಪ್ ಅಥವಾ ಸ್ಯಾಟಿನ್ ಇರಲಿ. ಹತ್ತಿ ಹಾಕಿದರೆ ಉದ್ದ ತೋಳಿನೊಳಗೆ ಕೈ ಜಾರುವುದಿಲ್ಲ, ಲೈನಿಂಗ್ ಸುರುಟಿಕೊಂಡು ಮೊಣಕೈ ಹತ್ತಿರ ಗಂಟಾಗಿ ಕೂರುತ್ತದೆ. ಹತ್ತಿ ಲೈನಿಂಗನ್ನು ಹಿಂದಿನ ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿಯೇ ಕತ್ತರಿಸಬೇಕು. ಇಲ್ಲದಿದ್ದರೆ ಆಮೇಲೆ ಅದು ಕುಗ್ಗಿ ಮಖಮಲ್ಲನ್ನು ಒಳಗಿನಿಂದ ಎಳೆಯುತ್ತದೆ.

ಅಂಗಡಿಯಲ್ಲಿ ಎರಡು ಪರೀಕ್ಷೆ ಮಾಡಿ. ಬಿಳಿ ಕರವಸ್ತ್ರದ ಮೂಲೆಯನ್ನು ಸ್ವಲ್ಪ ಒದ್ದೆ ಮಾಡಿಕೊಂಡು ಬಟ್ಟೆಯ ಅಂಚಿನ ಮೇಲೆ ಇಪ್ಪತ್ತು ಸಲ ಉಜ್ಜಿ. ಬಣ್ಣ ಹತ್ತಿದರೆ ಆ ಬಟ್ಟೆ ಬೇಡ. ಭುಜದ ಮೇಲೆ ಸೆರಗು ದಿನವಿಡೀ ಉಜ್ಜುತ್ತಿರುತ್ತದೆ. ತಿಳಿ ಬಣ್ಣದ ಸೀರೆಗೆ ಮರೂನ್ ಕಲೆ ಹತ್ತಿದರೆ ಬ್ಲೌಸ್ ಅಲ್ಲ, ಸೀರೆಯೇ ಹಾಳು. ಇನ್ನು ಬಟ್ಟೆಯ ಹಿಂಬದಿಯನ್ನು ಬೆಳಕಿಗೆ ಹಿಡಿದು ನೋಡಿ. ನೇಯ್ಗೆ ಜಾಳಾಗಿ ಕಂಡರೆ ಜುಂಗು (ಮಖಮಲ್ಲಿನ ಮೇಲ್ಮೈಯ ಮೆತ್ತನೆ ಎಳೆ) ಬೇಗ ಉದುರುತ್ತದೆ, ಕಂಕುಳು ಮತ್ತು ಮೊಣಕೈಯಲ್ಲಿ ಮೊದಲು ಬೋಳಾಗುತ್ತದೆ.

ಎಷ್ಟು ಬಟ್ಟೆ ಬೇಕು? 44 ಇಂಚು ಪನ್ನದ (ಅಗಲದ) ಬಟ್ಟೆಯಲ್ಲಿ ಗಿಡ್ಡ ತೋಳಿನ ಸಾಮಾನ್ಯ ಬ್ಲೌಸಿಗೆ 80 ಸೆಂಟಿಮೀಟರಿನಿಂದ ಒಂದು ಮೀಟರ್ ಸಾಕಾಗುತ್ತದೆ. ಉದ್ದ ತೋಳಿನ ಮಖಮಲ್ಲಿಗೆ ಒಂದೂಕಾಲರಿಂದ ಒಂದೂವರೆ ಮೀಟರ್ ತೆಗೆದುಕೊಳ್ಳಿ. ಇದಕ್ಕೆ ಕಾರಣ ಜುಂಗಿನ ದಿಕ್ಕು. ಬೇರೆ ಬಟ್ಟೆಯಲ್ಲಿ ಟೈಲರ್ ಒಂದು ತೋಳನ್ನು ತಲೆಕೆಳಗಾಗಿಟ್ಟು ಬಟ್ಟೆ ಉಳಿಸುತ್ತಾರೆ. ಇಲ್ಲಿ ಹಾಗೆ ಮಾಡಿದರೆ ಒಂದು ತೋಳು ಗಾಢವಾಗಿ, ಇನ್ನೊಂದು ಬೂದಿ ಬಳಿದಂತೆ ಕಾಣುತ್ತದೆ. ಅಂಗಡಿಯ ಬೆಳಕಿನಲ್ಲಿ ಅದು ಗೊತ್ತಾಗದೆ ಇರಬಹುದು, ಮದುವೆ ಫೋಟೋದ ಫ್ಲ್ಯಾಶ್‌ಗೆ ಮಾತ್ರ ಮುಚ್ಚಿಡಲಾಗದು. ಬಟ್ಟೆಯ ಮೇಲೆ ಅಂಗೈ ಸವರಿ ನೋಡಿ. ನುಣುಪಾಗಿ ಜಾರುವ ದಿಕ್ಕು ಜುಂಗು ಮಲಗಿರುವ ದಿಕ್ಕು, ಒರಟಾಗಿ ತಡೆಯುವುದು ಅದರ ಎದುರು. ಜುಂಗು ಮೇಲ್ಮುಖವಾಗಿದ್ದರೆ ಬಣ್ಣ ಹೆಚ್ಚು ಗಾಢ, ಕೆಳಮುಖವಾಗಿದ್ದರೆ ಬಾಳಿಕೆ ಹೆಚ್ಚು. ಸೆರಗು ಹೊರುವ ಬ್ಲೌಸಿಗೆ ಕೆಳಮುಖವೇ ಸರಿ ಎಂಬುದು ನನ್ನ ಅಭಿಪ್ರಾಯ. ಯಾವುದನ್ನೇ ಆರಿಸಿ, ಮುಂಭಾಗ, ಬೆನ್ನು, ಎರಡೂ ತೋಳು ಒಂದೇ ದಿಕ್ಕಿಗಿರಬೇಕು. ಬಟ್ಟೆಯ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಬಾಣದ ಗುರುತು ಹಾಕಿಯೇ ಟೈಲರ್ ಕೈಗೆ ಕೊಡಿ. ಆರಿ ಕೆಲಸ (ಕೊಕ್ಕೆ ಸೂಜಿಯ ಕಸೂತಿ) ಮಾಡಿಸುವುದಿದ್ದರೆ ಫ್ರೇಮ್‌ಗೆ ಹಾಕುವ ಮೊದಲೇ ಈ ಗುರುತು ಬೇಕು. ತೆಳು ದಾರದ ಸರಪಳಿ ಹೊಲಿಗೆ ಜುಂಗಿನಲ್ಲಿ ಮುಳುಗಿಹೋಗುತ್ತದೆ. ಮಖಮಲ್ಲಿನ ಮೇಲೆ ನಿಲ್ಲುವುದು ಉಬ್ಬಾದ ಜರ್ದೋಸಿ, ಮಣಿ ಕೆಲಸ.

ಎಲ್ಲಕ್ಕಿಂತ ಮುಖ್ಯವಾದ ಮಾತು: ಲೈನಿಂಗನ್ನು ಮೊದಲು ಪೂರ್ತಿ ಬ್ಲೌಸಿನಂತೆ ಹೊಲಿಸಿ ತೊಟ್ಟು ನೋಡಿ. ಟಕ್ಸ್ (ಎದೆಭಾಗದ ಆಕಾರಕ್ಕೆ ಹಾಕುವ ಮಡಿಕೆ), ಕಂಕುಳು, ಕತ್ತು ಎಲ್ಲವನ್ನೂ ಅದರಲ್ಲೇ ತಿದ್ದಿ, ಆ ಅಳತೆಗೆ ಮಖಮಲ್ ಕತ್ತರಿಸಬೇಕು. ಬಟ್ಟೆ ದಪ್ಪವಾದ್ದರಿಂದ ಎದೆಸುತ್ತಿಗೆ ಹತ್ತಿ ಬ್ಲೌಸಿಗಿಂತ ಅರ್ಧ ಇಂಚು ಹೆಚ್ಚು ಬೇಕು. ತೋಳಿನ ಉದ್ದವನ್ನು ಮೊಣಕೈ ಮಡಚಿ, ಭುಜದ ತುದಿಯಿಂದ ಮೊಣಕೈ ಬಳಸಿ ಮಣಿಕಟ್ಟಿನವರೆಗೆ ಅಳೆಯಿರಿ. ಕೈ ನೇರವಾಗಿ ಚಾಚಿ ಅಳೆದರೆ ಬಡಿಸಲು ಬಗ್ಗಿದಾಗ ತೋಳು ಮೇಲೆ ಸರಿಯುತ್ತದೆ. ರಟ್ಟೆಯ ಸುತ್ತಳತೆಗೆ ಒಂದೂವರೆಯಿಂದ ಎರಡು ಇಂಚು ಸಡಿಲ ಬಿಡಿ. ಮಣಿಕಟ್ಟು ಬಿಗಿಯಾಗಿರಬೇಕೆಂದರೆ ಮೂರು ಇಂಚು ಸೀಳಿಟ್ಟು ಹುಕ್ ಹಾಕಿಸಬೇಕು, ಇಲ್ಲದಿದ್ದರೆ ಮುಷ್ಟಿ ತೂರುವುದಿಲ್ಲ. ಕೈತುಂಬ ಗಾಜಿನ ಬಳೆ ಇಡುವವರಿಗೆ 15-16 ಇಂಚಿನ ಮುಕ್ಕಾಲು ತೋಳೇ ಲೇಸು.

ಕೈ ಎತ್ತಲು ಆಗುತ್ತಿಲ್ಲ ಎಂದಾಗ ಕಂಕುಳನ್ನು ಇನ್ನಷ್ಟು ಕೆಳಗೆ ಕೊರೆಯುವುದು ಸಾಮಾನ್ಯ ತಪ್ಪು. ಕಂಕುಳು ಕೆಳಗಿಳಿದಷ್ಟೂ ಕೈಯ ಜೊತೆ ಇಡೀ ಬ್ಲೌಸ್ ಮೇಲೇಳುತ್ತದೆ. ಅದು ಮೈಗೆ ಹತ್ತಿರವೇ ಇರಬೇಕು, ಅಗಲ ಕೊಡಬೇಕಾದದ್ದು ತೋಳಿಗೆ.

ಹೊಲಿಯುವಾಗ ಮೇಲಿನ ಪದರ ಜುಂಗಿನ ಮೇಲೆ ಜಾರಿ ಮುಂದೆ ಹೋಗುತ್ತದೆ. ಕೊನೆಯಲ್ಲಿ ನೋಡಿದರೆ ಕಾಲು ಇಂಚು ಹೆಚ್ಚು ಕಡಿಮೆ. ಅದಕ್ಕೇ ಮೆಷಿನ್‌ಗೆ ಹಾಕುವ ಮುನ್ನ ಎರಡು ಸಾಲು ಕೈಹೊಲಿಗೆ ಹಾಕಬೇಕು, ಮೆಷಿನ್ ಪಾದದ ಒತ್ತಡ ಇಳಿಸಬೇಕು, ಹೊಲಿಗೆಯ ಉದ್ದ 3 ಮಿಲಿಮೀಟರ್‌ಗೆ ಇಡಬೇಕು. ಹಿಗ್ಗುವ ವೆಲ್ವೆಟ್ ಆಗಿದ್ದರೆ ದುಂಡು ತುದಿಯ ಬಾಲ್ ಪಾಯಿಂಟ್ ಸೂಜಿಯೇ ಆಗಬೇಕು. ಗುಂಡುಸೂಜಿ ಚುಚ್ಚುವುದಿದ್ದರೆ ಹೊಲಿಗೆಯ ಅಂಚಿನೊಳಗೆ ಮಾತ್ರ. ಕತ್ತರಿಸಿದ ಕೂಡಲೇ ಅಂಚಿಗೆ ಎಳೆ ಬಿಚ್ಚದಂತೆ ಓವರ್‌ಲಾಕ್ ಹೊಲಿಗೆ ಹಾಕಿಸಿ. ಕತ್ತಿನ ಅಂಚಿಗೆ ಮಖಮಲ್ಲನ್ನೇ ಮಡಚಿದರೆ ದಪ್ಪನೆ ಹಗ್ಗದಂತೆ ಕಾಣುತ್ತದೆ. ಸೀರೆ ಅಂಚಿನ ಬಣ್ಣದ ರೇಷ್ಮೆಯಲ್ಲಿ ಪೈಪಿಂಗ್ ಕೊಟ್ಟರೆ ಚಂದ. ಹುಕ್ ಪಟ್ಟಿಯ ಒಳಬದಿಗೂ ತೆಳು ಹತ್ತಿ ಸಾಕು. ಜಿಪ್ ಬೇಡ, ಜುಂಗು ಅದರ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ.

ಇಸ್ತ್ರಿಪೆಟ್ಟಿಗೆಯನ್ನು ಮುಖದ ಕಡೆ ಒಮ್ಮೆಯೂ ಒತ್ತಬಾರದು, ಅದರ ಆಕಾರ ಅಲ್ಲೇ ಅಚ್ಚಾಗುತ್ತದೆ. ದಪ್ಪ ಟರ್ಕಿ ಟವೆಲ್ ಮೇಲೆ ಬ್ಲೌಸನ್ನು ಮಗುಚಿಟ್ಟು, ಹಿಂಬದಿಯಿಂದ ಒತ್ತದೆ ಹಬೆ ಮಾತ್ರ ಕೊಡಿ. ಉಟ್ಟ ಮೇಲೆ ನಲುಗಿದ್ದರೆ ಬಿಸಿನೀರಿನ ಹಬೆ ತುಂಬಿದ ಬಚ್ಚಲುಮನೆಯಲ್ಲಿ ಹತ್ತು ನಿಮಿಷ ತೂಗುಹಾಕಿ, ಮೆತ್ತನೆ ಬ್ರಷ್‌ನಿಂದ ಜುಂಗಿನ ದಿಕ್ಕಿಗೆ ಸವರಿದರೆ ಬಹುಪಾಲು ಎದ್ದು ನಿಲ್ಲುತ್ತದೆ.

ಇದಕ್ಕೆ ಯಾವ ಸೀರೆ? ಮೈಸೂರು ಸಿಲ್ಕಿನ ನುಣುಪು ಕ್ರೇಪ್‌ಗೆ ಮಖಮಲ್ ತುಂಬ ಒಪ್ಪುತ್ತದೆ. ಒಂದು ಹೊಳೆಯುತ್ತದೆ, ಇನ್ನೊಂದು ಬೆಳಕನ್ನು ಹೀರಿಕೊಳ್ಳುತ್ತದೆ. ಒರಟು ಜರಿಯ ಅಗಲ ಅಂಚಿನ ಸೀರೆಯಾದರೆ ಜರಿ ಉಜ್ಜಿ ಭುಜದ ಜುಂಗು ಸವೆಯುತ್ತದೆ. ಸೆರಗನ್ನು ಅಗಲಕ್ಕೆ ಇಳಿಬಿಡದೆ ಕಿರುನೆರಿಗೆ ಹಿಡಿದು ಒಂದೇ ಕಡೆ ಪಿನ್ ಮಾಡುವುದು ಮೇಲು. ಪಿನ್ನಿಗೆ ಮೊದಲು ಒಂದು ಸಣ್ಣ ಮಣಿ ಪೋಣಿಸಿಕೊಂಡರೆ ಬಟ್ಟೆ ಪಿನ್ನಿನ ಸುರುಳಿಗೆ ಸಿಕ್ಕುವುದಿಲ್ಲ. ಇಳಕಲ್ ಸೀರೆಗೆ ಮಾತ್ರ ನಾನು ಮಖಮಲ್ ಹೇಳುವುದಿಲ್ಲ. ಅದಕ್ಕೆ ಗುಳೇದಗುಡ್ಡದ ಖಣದ (ಕುಪ್ಪಸಕ್ಕೆಂದೇ ನೇಯುವ ಬಟ್ಟೆಯ) ಕುಪ್ಪಸವೇ ಸರಿ. ಚಳಿಯಾದರೆ ಮೇಲೊಂದು ಉಣ್ಣೆಯ ಶಾಲು ಹೊದ್ದುಕೊಳ್ಳಿ, ಬಿಸಿಲೇರಿದಾಗ ಮಡಚಿ ಚೀಲದಲ್ಲಿಟ್ಟರಾಯಿತು.